ಮೂಳೆ ಕೂಡಿಸುವವರು ಬೇರೆ, ಮೂಳೆ ಉಳಿಸುವವರು ಬೇರೆ

(ಚಾಮರಾಜನಗರದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಗುಂಡ್ಲುಪೇಟೆಯ ಮಿತ್ರರ ಕೋರಿಕೆಯಂತೆ ಪೂರ್ತಿಯಾಗಿ ಅಚ್ಚು ಮಾಡಿದೆ.)



ಈ ವೇದಿಕೆಯ ಮೇಲೆ ನಿಂತವರು ಕೂಲಿಯ ಮಾತು ಆಡುತ್ತಾರೆ, ಬೋನಸ್ಸಿನ ಮಾತು ಆಡುತ್ತಾರೆ, ಅಂಗಡಿಯ ಬಾಡಿಗೆ, ತೆರಿಗೆಗಳ ಮಾತು ಆಡುತ್ತಾರೆ. ನಾನು ಈ ದಿನ ಮೂಳೆಯ ಮಾತು ಆಡಬೇಕೆಂದು ನಿಂತಿದ್ದೇನೆ. ನಗಬೇಡಿ. ದುಡ್ಡಿದ್ದವನ ಬಂಡವಾಳ ಬ್ಯಾಂಕಿನಲ್ಲಿ ಇರುತ್ತದೆ. ದುಡಿಯುವವನ ಬಂಡವಾಳ ಅವನ ಮೈಯೊಳಗೆ ಇರುತ್ತದೆ. ಆ ಮೈಯನ್ನು ಎತ್ತಿ ನಿಲ್ಲಿಸಿರುವುದು ಮೂಳೆ. ಅದೇ ಒಳಗೊಳಗೆ ಟೊಳ್ಳಾಗುತ್ತಾ ಹೋದರೆ ಯಾವ ಕೂಲಿ ಹೆಚ್ಚಿ ಏನು ಫಲ?

ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಹಳ್ಳಿ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವನು. ಆದರೆ ನನ್ನ ಮನೆಯಲ್ಲೇ ನಡೆದ ಒಂದು ಸಂಗತಿ ನನಗೆ ಪಾಠ ಕಲಿಸಿತು. ಆ ಪಾಠಕ್ಕೆ ನಾವು ಕೊಟ್ಟ ಶುಲ್ಕ ಬಹಳ ದುಬಾರಿ. ನಿಮಗೆ ಅದು ಬಿಟ್ಟಿಯಾಗಿ ಸಿಗಲಿ ಎಂಬುದೇ ಈ ಭಾಷಣದ ಉದ್ದೇಶ.

ನನ್ನ ದೊಡ್ಡವ್ವ ತೆರಕಣಾಂಬಿ ಕಡೆಯ ಹಳ್ಳಿಯವಳು. ಐವತ್ತೆಂಟರ ವಯಸ್ಸಿನಲ್ಲಿ ಹಿತ್ತಲಲ್ಲಿ ಕಾಲು ಜಾರಿ ಕೈ ಊರಿದಳು. ಮಣಿಕಟ್ಟು ಮುರಿಯಿತು. ಪಕ್ಕದೂರಿನಲ್ಲಿ ಕಟ್ಟು ಕಟ್ಟುವವರಿದ್ದರು, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಕೈ ಸೊಟ್ಟಗೆ ಕೂಡಿಕೊಂಡಿತು. ಎರಡು ವರ್ಷ ಕಳೆಯಿತು. ನೀರಿನ ಬಿಂದಿಗೆ ಎತ್ತುವಾಗ ಬೆನ್ನಲ್ಲಿ ಚಳಕು ಹೊಡೆದು ತಿಂಗಳುಗಟ್ಟಲೆ ಮಲಗಿದಳು. ಒಬ್ಬರು ವಾಯು ಎಂದರು, ಇನ್ನೊಬ್ಬರು ಎಣ್ಣೆ ತಿಕ್ಕಿ ಎಂದರು. ಎದ್ದು ಓಡಾಡುವ ಹೊತ್ತಿಗೆ ಬೆನ್ನು ಬಾಗಿತ್ತು. "ವಯಸ್ಸಾಯ್ತು ಕನಪ್ಪ, ಇನ್ನೇನು" ಎಂದು ಅವಳೇ ಹೇಳಿಕೊಂಡಳು. ನಾವೂ ಹಾಗೆಯೇ ನಂಬಿದೆವು. ಮತ್ತೆರಡು ವರ್ಷಕ್ಕೆ ಹೊಸ್ತಿಲು ದಾಟುವಾಗ ಬಿದ್ದು ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಿತು.

ಆಗ ಒಂದು ದೊಡ್ಡ ಆಸ್ಪತ್ರೆಗೆ ಹೊತ್ತೊಯ್ದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಅವಳ ಮಗ ಕಿರಾಣಿ ಅಂಗಡಿಯವನು. ಒಂದೂವರೆ ತಿಂಗಳು ಬಾಗಿಲು ಹಾಕಿ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ. ಹಸು ಮಾರಿದೆವು. ಮನೆಗೆ ಕಳಿಸುವಾಗ ಕೈಗೆ ಒಂದು ಚೀಟಿ ಕೊಟ್ಟರು, ನೋವಿನ ಮಾತ್ರೆ ಬರೆದಿದ್ದರು. ಮೂಳೆ ಏಕೆ ಮುರಿಯಿತು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಹಲವು ತಿಂಗಳ ಮೇಲೆ ಕೆಮ್ಮಿಗೆಂದು ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿನ ಒಬ್ಬ ಎಳೆವಯಸ್ಸಿನ ಡಾಕ್ಟರಮ್ಮ ಬಾಗಿದ ಬೆನ್ನನ್ನು ನೋಡಿ, "ಅಮ್ಮಾ, ಇದಕ್ಕೆ ಮುಂಚೆ ಎಲ್ಲಾದರೂ ಮುರಿದಿತ್ತಾ?" ಎಂದು ಕೇಳಿದರು. ನಾಲ್ಕು ವರ್ಷ, ಮೂರು ಮುರಿತ. ಅಷ್ಟರಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. "ಮಂಡಿ ನೋವಿಗೆ ಏನು ತಿನ್ನುತ್ತಿದ್ದೀರಿ, ಅದನ್ನೂ ತನ್ನಿ" ಎಂದರು. ಸಂತೆಯಲ್ಲಿ ಕೊಂಡ ಹೆಸರಿಲ್ಲದ ಮಾತ್ರೆಗಳ ಪೊಟ್ಟಣ ಒಯ್ದೆವು. ಅದು ಸ್ಟಿರಾಯ್ಡ್ ಇರಬಹುದು, ವರ್ಷಗಟ್ಟಲೆ ತಿಂದರೆ ಮೂಳೆಯನ್ನು ತಿನ್ನುತ್ತದೆ ಎಂದು ಹೇಳಿದರು. ಆ ದಿನ ನಮಗೆ ಕಾಯಿಲೆಯ ಹೆಸರು ಗೊತ್ತಾಯಿತು: ಆಸ್ಟಿಯೋಪೊರೋಸಿಸ್.

ಸಂಗಾತಿಗಳೇ, ಈ ಕಾಯಿಲೆ ಏನು? ಮೂಳೆ ಕಲ್ಲಲ್ಲ, ಅದು ಜೀವವಿರುವ ಗೋಡೆ. ದಿನವೂ ಹಳೆಯ ಇಟ್ಟಿಗೆಯನ್ನು ಕೆಡವುವ ಕೂಲಿಯವರೂ, ಹೊಸ ಇಟ್ಟಿಗೆ ಇಡುವ ಗಾರೆಯವರೂ ಅದರೊಳಗೆ ಇದ್ದಾರೆ. ಸುಮಾರು ಮೂವತ್ತರ ವಯಸ್ಸಿನವರೆಗೆ ಕಟ್ಟುವವರ ಕೈ ಮೇಲು. ಆಮೇಲೆ ಕೆಡವುವವರ ಕೈ ನಿಧಾನವಾಗಿ ಮೇಲಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈ ಸವಕಲು ಬಹಳ ವೇಗ. ಗೋಡೆ ಹೊರಗಿನಿಂದ ನೆಟ್ಟಗೇ ಕಾಣುತ್ತದೆ, ಒಳಗೆ ಜೇನುಹಟ್ಟಿಯ ತೂತು. ನೋವಿಲ್ಲ, ಊತವಿಲ್ಲ, ಜ್ವರವಿಲ್ಲ. ಮುರಿದಾಗಲೇ ಗೊತ್ತಾಗುವುದು. ಹೆಚ್ಚಾಗಿ ಮುರಿಯುವುದು ಮೂರು ಕಡೆ: ಮಣಿಕಟ್ಟು, ಬೆನ್ನೆಲುಬು, ಸೊಂಟದ ಕೀಲು. ನನ್ನ ದೊಡ್ಡವ್ವನಿಗೆ ಮೂರೂ ಆಯಿತು, ಅದೂ ಪುಸ್ತಕದಲ್ಲಿ ಬರೆದ ಕ್ರಮದಲ್ಲೇ.

ಗಂಡಸರಿಗೆ ಇಲ್ಲವೆಂದು ಮೀಸೆ ತಿರುವಬೇಡಿ. ಬೀಡಿ, ಸಾರಾಯಿ, ವರ್ಷಗಟ್ಟಲೆ ನುಂಗಿದ ದಮ್ಮಿನ ಮಾತ್ರೆ, ಥೈರಾಯ್ಡಿನ ತೊಂದರೆ, ಮುಪ್ಪು, ಇವೆಲ್ಲ ಗಂಡಸಿನ ಮೂಳೆಯನ್ನೂ ಕರಗಿಸುತ್ತವೆ.

ನಮ್ಮ ಕಡೆ ಒಂದು ಗೊಂದಲವುಂಟು. ಮಂಡಿ ಸವೆದರೂ "ಮೂಳೆ ಸವೆತ", ಮೂಳೆ ಟೊಳ್ಳಾದರೂ "ಮೂಳೆ ಸವೆತ". ಇವೆರಡೂ ಬೇರೆ. ಮಂಡಿಯದು ಕೀಲಿನ ಸವೆತ, ನಡೆದರೆ ನೋಯುತ್ತದೆ. ನಾನು ಹೇಳುತ್ತಿರುವುದು ಮೂಳೆಯೇ ಹಗುರಾಗುವ ಕಾಯಿಲೆ, ಮುರಿಯುವವರೆಗೆ ನೋಯುವುದೇ ಇಲ್ಲ. ಮೂರನೆಯದೂ ಒಂದಿದೆ: ಬಿಸಿಲು ಕಾಣದೆ ಡಿ ಜೀವಸತ್ವ ತೀರಾ ಕಡಮೆಯಾಗಿ ಮೂಳೆ ಮೆತ್ತಗಾಗುವುದು. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಆದುದರಿಂದಲೇ ತಕ್ಕ ವೈದ್ಯರನ್ನು ಹುಡುಕುವುದು ದೊಡ್ಡ ಮಾತಾಗುತ್ತದೆ.

ಹಾಗಾದರೆ ತಕ್ಕ ವೈದ್ಯರು ಯಾರು? ನನ್ನ ಭಾಷಣದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೂಳೆ ಕೂಡಿಸುವವರು ಬೇರೆ, ಮೂಳೆ ಉಳಿಸುವವರು ಬೇರೆ. ಇಬ್ಬರೂ ಬೇಕು. ಕೆಲವು ಕಡೆ ಒಬ್ಬರೇ ಎರಡನ್ನೂ ಮಾಡುತ್ತಾರೆ, ಸಂತೋಷ. ಆದರೆ ಮೊದಲನೆಯ ಕೆಲಸ ಮುಗಿದ ಕೂಡಲೇ ಎರಡನೆಯದೂ ಮುಗಿಯಿತೆಂದು ತಿಳಿಯುವುದೇ ನಾವು ಮಾಡುವ ತಪ್ಪು.

ಕೂಡಿಸುವವರು ಮೂಳೆ ಡಾಕ್ಟರು, ಅಂದರೆ ಆರ್ಥೊಪೆಡಿಕ್ ತಜ್ಞರು. ಸೊಂಟದ ಮೂಳೆ ಮುರಿದರೆ ತಡಮಾಡದೆ ಅವರ ಬಳಿಗೇ ಹೋಗಬೇಕು. ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಬ್ಬಿಸಿ ನಡೆಸಬೇಡಿ, ಉಜ್ಜಬೇಡಿ, ಕಟ್ಟು ಕಟ್ಟುವವರ ಮನೆಗೆ ಒಯ್ಯಬೇಡಿ. 108ಕ್ಕೆ ಫೋನು ಮಾಡಿ. ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾಗಿ, ಬೇಗ ಎದ್ದು ನಿಂತಷ್ಟೂ ಬದುಕುವ ಆಸೆ ಹೆಚ್ಚು. ಮಲಗಿದಲ್ಲೇ ಉಳಿದರೆ ಹಾಸಿಗೆ ಹುಣ್ಣು, ಎದೆಗಟ್ಟು, ರಕ್ತ ಹೆಪ್ಪುಗಟ್ಟುವುದು ಇವು ಕೊಲ್ಲುತ್ತವೆ. ಕಟ್ಟು ಕಟ್ಟುವವರನ್ನು ನಾನು ಹೀಯಾಳಿಸುವುದಿಲ್ಲ. ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಬಡವನಿಗೆ ಅವರೇ ಆಸರೆ. ಆದರೆ ಸೊಂಟದ ಮೂಳೆ ದಬ್ಬೆಗೆ ಬಗ್ಗುವುದಿಲ್ಲ.

ಉಳಿಸುವವರು ಯಾರು? ಮೊದಲ ಹೆಜ್ಜೆಗೆ ಸಾಮಾನ್ಯ ಫಿಸಿಶಿಯನ್ ಸಾಕು, ಅಂದರೆ ಮೆಡಿಸಿನ್ ವಿಭಾಗದ ವೈದ್ಯರು. ಮುಟ್ಟು ನಿಂತ ಹೊಸತರಲ್ಲಿ, ಅಥವಾ ನಲವತ್ತೈದಕ್ಕೆ ಮುಂಚೆಯೇ ಮುಟ್ಟು ನಿಂತವರಿಗೆ, ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಹೆಂಗಸರ ಡಾಕ್ಟರು. ಕಾಯಿಲೆ ಗೋಜಲಾಗಿದ್ದರೆ, ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಮದ್ದು ಕೊಟ್ಟರೂ ಮತ್ತೆ ಮುರಿದರೆ ಗ್ರಂಥಿಗಳ ತಜ್ಞರು. ಎಂಡೋಕ್ರೈನಾಲಜಿಸ್ಟ್ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಕೀಲುವಾತಕ್ಕೆ ಸ್ಟಿರಾಯ್ಡ್ ತಿನ್ನುವವರಿಗೆ ರುಮಟಾಲಜಿಸ್ಟ್. ಇವರ ಜೊತೆಗೆ ಇನ್ನೂ ಇಬ್ಬರನ್ನು ಮರೆಯಬೇಡಿ. ಒಬ್ಬರು ಫಿಸಿಯೋಥೆರಪಿಯವರು, ಬೀಳದ ಹಾಗೆ ನಡೆಯುವುದನ್ನು ಕಲಿಸುತ್ತಾರೆ. ಇನ್ನೊಬ್ಬರು ಹಲ್ಲಿನ ಡಾಕ್ಟರು. ಮೂಳೆಯ ಮದ್ದು ಶುರುಮಾಡುವ ಮುಂಚೆ ಕೆಟ್ಟ ಹಲ್ಲು ಕೀಳಿಸಿಬಿಡಬೇಕು, ಇಲ್ಲದಿದ್ದರೆ ಅಪರೂಪಕ್ಕಾದರೂ ದವಡೆಗೆ ಕೇಡು.

ಇವರೆಲ್ಲರ ಬಾಗಿಲನ್ನೂ ತಟ್ಟಬೇಕೇ ಎಂದು ಗಾಬರಿಯಾಗಬೇಡಿ. ಹತ್ತು ಜನ ಡಾಕ್ಟರು ಬೇಡ. ಲೆಕ್ಕವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳುವ ಒಬ್ಬರು ಬೇಕು. ಅಂಗಡಿಯಲ್ಲಿ ನಾಲ್ಕು ಜನ ಆಳಿದ್ದರೂ ಖಾತೆ ಪುಸ್ತಕ ಬರೆಯುವವನು ಒಬ್ಬನೇ ಅಲ್ಲವೇ?

ಎಲ್ಲಿ ಹುಡುಕುವುದು? ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ಜಿಲ್ಲೆ ಬಂದರೂ ದೊಡ್ಡ ವೈದ್ಯ ಬರಲಿಲ್ಲ, ಎಲ್ಲಕ್ಕೂ ಮೈಸೂರಿನ ಬಸ್ಸು. 2016ರಲ್ಲಿ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾಯಿತು. ವೈದ್ಯಕೀಯ ಕಾಲೇಜು ಎಂದರೆ ಮೆಡಿಸಿನ್, ಮೂಳೆ, ಸ್ತ್ರೀರೋಗ, ಎಕ್ಸ್‌ರೇ ವಿಭಾಗಗಳು ಇರಲೇಬೇಕು. ಗುಂಡ್ಲುಪೇಟೆಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಲಿ, ಅಲ್ಲಿಂದ ಚೀಟಿ ಬರೆಸಿಕೊಂಡು ಚಾಮರಾಜನಗರಕ್ಕೋ ಮೈಸೂರಿಗೋ ಬರಲಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಿದೆ, ಅದು ಸೇರಿದ ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಹುಟ್ಟಿದ್ದು. ಎಲುಬು ಮುರಿತದ ಕಠಿಣ ಪ್ರಕರಣಗಳಿಗೆಂದೇ ಬೆಂಗಳೂರಿನ ಜಯನಗರದಲ್ಲಿ ಸಂಜಯ ಗಾಂಧಿ ಆಸ್ಪತ್ರೆಯಿದೆ, ಅದೂ ಸರ್ಕಾರದ್ದೇ.

"ಮೇಷ್ಟ್ರೇ, ನಮ್ಮೂರ ಸರ್ಕಾರಿ ಆಸ್ಪತ್ರೆಯನ್ನು ಹೇಗೆ ನಂಬೋದು?" ಎಂದು ನೀವು ಕೇಳುತ್ತೀರಿ. 2021ರ ಮೇ ತಿಂಗಳಲ್ಲಿ ಆಮ್ಲಜನಕಕ್ಕಾಗಿ ಪರದಾಡಿದ ಆ ರಾತ್ರಿಯನ್ನು ಈ ಊರು ಮರೆತಿಲ್ಲ, ಮರೆಯಲೂ ಬಾರದು. ಆದರೆ ಅದರಿಂದ ಕಲಿಯಬೇಕಾದ ಪಾಠ ಯಾವುದು? ಆಸ್ಪತ್ರೆಯನ್ನು ಬಿಟ್ಟು ಓಡುವುದೋ, ಹತ್ತಿರ ನಿಂತು ಲೆಕ್ಕ ಕೇಳುವುದೋ? ಉಳ್ಳವರು ಬಿಟ್ಟುಹೋದ ಆಸ್ಪತ್ರೆ ಬಡವರ ಪಾಲಿಗೆ ಇನ್ನಷ್ಟು ಕೆಡುತ್ತದೆ. ನಮ್ಮ ದುಡ್ಡಿನಿಂದ ಎದ್ದ ಕಟ್ಟಡ ಅದು, ಕೇಳುವ ಹಕ್ಕು ನಮ್ಮದು.

ಇನ್ನು ಖರ್ಚಿನ ಮಾತು. ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ, ನಂಜನಗೂಡಿನ ಗಿರಣಿಗಳಲ್ಲಿ ದುಡಿಯುವವರು ಕೇಳಿ. ಕಾರ್ಮಿಕರ ರಾಜ್ಯ ವಿಮೆ, ನಾವು ಇ.ಎಸ್.ಐ. ಎನ್ನುವುದು, 1948ರ ಕಾಯಿದೆಯಿಂದ ಬಂದದ್ದು. 21,000 ರೂಪಾಯಿಯ ಸಂಬಳದ ಮಿತಿ 2017ರಲ್ಲಿ ಬಂತು. 2019ರ ಜುಲೈಯಲ್ಲಿ ವಂತಿಗೆ ಇಳಿಸಿದಾಗ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ಮೂರೂಕಾಲು ರೂಪಾಯಿ ಎಂದಾಯಿತು. ಈ ಚಿಕಿತ್ಸೆ ನಿಮಗೆ ಮಾತ್ರವಲ್ಲ, ಹೆಂಡತಿ ಮಕ್ಕಳಿಗೂ, ನಿಮ್ಮ ದುಡಿಮೆಯನ್ನೇ ನಂಬಿದ ತಂದೆತಾಯಿಗೂ ಉಂಟು. ಇದನ್ನು ತಿಳಿಯದೆ ಎಷ್ಟೋ ಜನ ತಾಯಿಯ ಸೊಂಟಕ್ಕಾಗಿ ಬಡ್ಡಿ ಸಾಲ ತಂದಿದ್ದಾರೆ. ನಾಳೆಯೇ ಹೋಗಿ ಕಾರ್ಡಿನಲ್ಲಿ ಅವ್ವನ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಗುತ್ತಿಗೆಯ ಹೆಸರಿನಲ್ಲಿ ನಿಮ್ಮನ್ನು ಇ.ಎಸ್.ಐ.ನಿಂದ ಹೊರಗಿಟ್ಟಿದ್ದರೆ ಸಂಘಕ್ಕೆ ಬಂದು ಹೇಳಿ.

ಅಂಗಡಿಯವರಿಗೆ ಇ.ಎಸ್.ಐ. ಇಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್. ಕಾರ್ಡಿನವರಿಗೆ ವೆಚ್ಚದಲ್ಲಿ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಎಂದು ಗೊತ್ತುಮಾಡಿದರು. ತುರ್ತು ಅಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಮೊದಲೇ ಖಾಸಗಿಗೆ ಹೋಗಿ ಹಣ ಕಟ್ಟಿ ಆಮೇಲೆ ಚೀಟಿ ಹುಡುಕಿದರೆ ಕೆಲಸವಾಗದು.

ಖಾಸಗಿಯವರ ಬಳಿ ಹೋದರೆ ಕಣ್ಣು ತೆರೆದು ಹೋಗಿ. ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಅದು ಇರಬೇಕು, ದರದ ಪಟ್ಟಿಯೂ ಇರಬೇಕು. ಔಷಧ ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇದೆಯೇ? ಒಂದು ಗಜ ಬಟ್ಟೆ ಕೊಳ್ಳುವಾಗ ಎಳೆ ಎಣಿಸುವ ನಾವು ಮೈ ಒಪ್ಪಿಸುವಾಗ ಇಷ್ಟನ್ನೂ ನೋಡಬಾರದೇ?

ಮೆಡಿಕಲ್ ಸ್ಟೋರಿನ ಮುಂದೆ ಆಗಾಗ್ಗೆ ಉಚಿತ ಶಿಬಿರ ನಡೆಯುತ್ತದೆ. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಒಂದು ಸಂಖ್ಯೆ ಬರೆದುಕೊಟ್ಟು, ಅಲ್ಲೇ ಡಬ್ಬಿ ಮಾರುತ್ತಾರೆ. ಆ ಯಂತ್ರ ಸುಳಿವು ಕೊಡಬಹುದು, ತೀರ್ಪು ಕೊಡಲಾರದು. ತೀರ್ಪಿನ ಪರೀಕ್ಷೆಗೆ ಡೆಕ್ಸಾ ಎಂದು ಹೆಸರು. ಸೊಂಟ ಮತ್ತು ಕೆಳಬೆನ್ನಿನ ಮೂಳೆಯನ್ನು ಬಹಳ ಕಡಮೆ ಎಕ್ಸ್‌ರೇಯಿಂದ ಅಳೆಯುತ್ತದೆ. ಅದರಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಬಂದರೆ ಈ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿತು. ಆದರೆ ಸಣ್ಣ ಬೀಳಿಗೇ ಸೊಂಟ ಅಥವಾ ಬೆನ್ನೆಲುಬು ಮುರಿದವರ ವಿಷಯದಲ್ಲಿ ಆ ಮುರಿತವೇ ಸಾಕ್ಷಿ. ಯಂತ್ರ ಸಿಗಲಿಲ್ಲವೆಂದು ಮದ್ದು ನಿಲ್ಲಬಾರದು.

ಡಾಕ್ಟರ ಮುಂದೆ ಕುಳಿತಾಗ ಬಾಯಿ ಕಟ್ಟಿಕೊಳ್ಳಬೇಡಿ. ಐದು ಮಾತು ಕೇಳಿ. ಒಂದು, ಇಷ್ಟು ಸಣ್ಣ ಬೀಳಿಗೆ ಮೂಳೆ ಮುರಿದದ್ದು ಏಕೆ? ಎರಡು, ಬೇರೆ ಕಾಯಿಲೆ ಇಲ್ಲವೆಂದು ನೋಡಲು ರಕ್ತಪರೀಕ್ಷೆ ಬೇಕೇ, ಕ್ಯಾಲ್ಸಿಯಂ, ಡಿ ಜೀವಸತ್ವ, ಮೂತ್ರಪಿಂಡ, ಥೈರಾಯ್ಡ್? ಮೂರು, ನಾನು ತಿನ್ನುವ ಈ ಮಾತ್ರೆಗಳಲ್ಲಿ ಮೂಳೆಗೆ ಕೆಟ್ಟದ್ದು ಯಾವುದಾದರೂ ಇದೆಯೇ? ನಾಲ್ಕು, ಮದ್ದು ಎಷ್ಟು ವರ್ಷ, ಮತ್ತೆ ನೋಡುವುದು ಯಾವಾಗ? ಐದು, ಇನ್ನು ಮುಂದೆ ಇದರ ಲೆಕ್ಕ ನೋಡುವವರು ನೀವೋ ಬೇರೆಯವರೋ? ಈ ಐದಕ್ಕೆ ತಾಳ್ಮೆಯಿಂದ ಉತ್ತರ ಕೊಡುವವರೇ ತಕ್ಕ ವೈದ್ಯರು. ಅವರು ಕೂರುವ ಕಟ್ಟಡ ಹೆಂಚಿನದೋ ಗಾಜಿನದೋ ಎಂಬುದು ಮುಖ್ಯವಲ್ಲ.

ಮದ್ದಿನ ವಿಷಯದಲ್ಲಿ ಎರಡೇ ಎಚ್ಚರ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ತುಂಬ ನೀರಿನೊಡನೆ ತೆಗೆದುಕೊಂಡು ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು; ಕಾಫಿಯೊಡನೆ ನುಂಗಿದರೆ ದುಡ್ಡು ದಂಡ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮಾಬ್ ಶುರುಮಾಡಿದವರು ತಮ್ಮಷ್ಟಕ್ಕೇ ನಿಲ್ಲಿಸಬಾರದು. ನಿಲ್ಲಿಸಿದರೆ ಮೂಳೆ ಬೇಗನೆ ಕುಸಿದು ಬೆನ್ನೆಲುಬು ಮುರಿಯಬಹುದು. ಯಾವ ಮದ್ದು ಯಾರಿಗೆ ಎಂಬುದನ್ನು ಹೇಳುವವರು ವೈದ್ಯರು, ನೆರೆಮನೆಯವರಲ್ಲ. ಅದೇ ಮದ್ದು ಜನೌಷಧಿ ಅಂಗಡಿಯಲ್ಲಿ ಕಡಮೆಗೆ ಸಿಗುವುದೇ ಎಂದು ಕೇಳಲು ನಾಚಿಕೆ ಬೇಡ.

ಊಟದ ಮಾತು ಹೇಳದಿದ್ದರೆ ತಾಯಂದಿರು ಒಪ್ಪುವುದಿಲ್ಲ. ನಾವು ಹಿಟ್ಟು ಉಣ್ಣುವ ಸೀಮೆಯವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಬಹಳ ಕಡಮೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ಹಿಟ್ಟು, ಸೊಪ್ಪಿನ ಸಾರು, ಹುರುಳಿ, ಎಳ್ಳು, ಒಂದು ಲೋಟ ಮಜ್ಜಿಗೆ, ಇವು ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ. ಬೆಳಗಿನಿಂದ ಸಂಜೆಯವರೆಗೆ ಗಿರಣಿಯ ಸೂರಿನಡಿ ಇರುವವರು ರಜೆಯ ದಿನವಾದರೂ ಬಿಸಿಲಿಗೆ ಮೈಯೊಡ್ಡಿ. ಆದರೆ ಒಮ್ಮೆ ಮುರಿದ ಮೇಲೆ ಬರೀ ಹಿಟ್ಟು ಸಾಲದು, ಮದ್ದೂ ಬೇಕು.

ಕೊನೆಯದಾಗಿ ನಾವು ಒಟ್ಟಾಗಿ ಮಾಡಬೇಕಾದದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಗಳಲ್ಲಿ 1990ರ ದಶಕದ ಕೊನೆಗೆ ಒಂದು ಸರಳ ಏರ್ಪಾಡು ಮಾಡಿದರು. ಐವತ್ತು ದಾಟಿದವರು ಯಾರೇ ಮೂಳೆ ಮುರಿದುಕೊಂಡು ಬಂದರೂ ಅವರ ಹೆಸರನ್ನು ಒಬ್ಬ ನರ್ಸು ಬರೆದಿಟ್ಟುಕೊಳ್ಳುವುದು, ಕರೆಸಿ ಪರೀಕ್ಷೆ ಮಾಡಿಸುವುದು, ಮದ್ದು ಶುರುವಾಯಿತೇ ಎಂದು ನೋಡುವುದು. ಈ ಪದ್ಧತಿ ಈಗ ಹಲವು ದೇಶಗಳಿಗೆ ಹಬ್ಬಿದೆ. ಇದಕ್ಕೆ ಬೇಕಾದದ್ದು ಏನು? ಕೋಟಿ ರೂಪಾಯಿಯ ಯಂತ್ರವಲ್ಲ. ಒಂದು ರಿಜಿಸ್ಟರು, ಒಬ್ಬ ನರ್ಸು, ಒಂದು ಪ್ರಶ್ನೆ. ಆ ಡಾಕ್ಟರಮ್ಮ ನನ್ನ ದೊಡ್ಡವ್ವನಿಗೆ ಕೇಳಿದ್ದೂ ಅದೇ ಪ್ರಶ್ನೆ. ಅದು ಒಬ್ಬರ ಒಳ್ಳೆಯತನದಿಂದ ಬಂತು. ಅದನ್ನು ಆಸ್ಪತ್ರೆಯ ನಿಯಮವಾಗಿ ಮಾಡಿಸುವುದು ನಮ್ಮ ಕೆಲಸ.

ಆದುದರಿಂದ ಈ ಸಭೆಯ ಮುಂದೆ ಮೂರು ಬೇಡಿಕೆ ಇಡುತ್ತೇನೆ. ನಮ್ಮ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮೂಳೆ ಡಾಕ್ಟರೂ ಫಿಸಿಶಿಯನ್ನರೂ ಒಟ್ಟಿಗೆ ಕುಳಿತು ಇಂಥ ರೋಗಿಗಳನ್ನು ನೋಡಬೇಕು. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮುರಿತದ ರಿಜಿಸ್ಟರು ಇಡಬೇಕು. ವಾರದ ಮಾತ್ರೆ ಎರಡೂ ಕಡೆ ತಪ್ಪದೆ ಸಿಗಬೇಕು. ಅರ್ಜಿ ಬರೆದು ತಂದಿದ್ದೇನೆ, ಸಹಿ ಹಾಕಿ. ಹೆಬ್ಬೆಟ್ಟಾದರೂ ಸರಿಯೇ.

ನನ್ನ ದೊಡ್ಡವ್ವ ಈಗ ಕೋಲೂರಿ ಅಂಗಳದವರೆಗೆ ನಡೆಯುತ್ತಾಳೆ. ವಾರದ ಮಾತ್ರೆ ನುಂಗುತ್ತಾಳೆ, ಆಮೇಲೆ ಮತ್ತೆ ಮುರಿದಿಲ್ಲ. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಮಣಿಕಟ್ಟು ಮುರಿದ ದಿನವೇ ಯಾರಾದರೂ ಆ ಪ್ರಶ್ನೆ ಕೇಳಿದ್ದರೆ ಅವಳು ಇವತ್ತು ನೆಟ್ಟಗೆ ನಿಂತಿರುತ್ತಿದ್ದಳೋ ಏನೋ. ಈ ರಾತ್ರಿ ಮನೆಗೆ ಹೋಗಿ ನಿಮ್ಮ ಅವ್ವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿ. ಮೊದಲಿಗಿಂತ ಗಿಡ್ಡವಾಗಿದ್ದಾಳೆಯೇ? ಬೆನ್ನು ಬಾಗಿದೆಯೇ? ಹಿಂದೆ ಎಲ್ಲಾದರೂ ಮುರಿದಿತ್ತೇ ಎಂದು ನೀವೇ ಕೇಳಿ. ಹೌದೆಂದರೆ ನಾಳೆ ಬೆಳಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದು ದಿನದ ಕೂಲಿ ಹೋದರೆ ಹೋಗಲಿ.